ಬ್ಲೇಡ್ ಸರ್ವರ್ ವಿಸ್ತರಣೆ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಯಲ್ಲಾಪುರ: ಅಡಿಕೆ ವಿಕ್ರಿಯ ದಿನ ಸಹಕಾರ ಸಂಘದ ಕೌಂಟರಿನ ಮುಂದೆ ನಿಂತ ಬೆಳೆಗಾರನಿಗೆ ಸರ್ವರ್ ಎಂಬುದು ಕಣ್ಣಿಗೆ ಕಾಣದ ವಸ್ತು. ಅದು ಕೆಟ್ಟು ನಿಂತಾಗ ಮಾತ್ರ ಅದರ ಹೆಸರು ಕಿವಿಗೆ ಬೀಳುತ್ತದೆ. ತೂಕದ ಚೀಟಿ, ಟೆಂಡರ್ ದರ, ಸಾಲದ ಕಡಿತ, ಖಾತೆಗೆ ಜಮಾ ಎಲ್ಲವೂ ಗಣಕದ ಮೂಲಕವೇ ನಡೆಯುವ ಕಡೆ ಸರ್ವರ್ ನಿಂತರೆ ಹಣವೂ ನಿಲ್ಲುತ್ತದೆ. 1920ರಲ್ಲಿ ಆರಂಭಗೊಂಡ ಕೆಡಿಸಿಸಿ ಬ್ಯಾಂಕ್, 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಗಳಂಥ ಸಂಸ್ಥೆಗಳಿಂದ ಬೇರೂರಿದ ಈ ಭಾಗದ ಸಹಕಾರ ವ್ಯವಸ್ಥೆಯಲ್ಲಿ ಯಂತ್ರಕ್ಕೆ ವ್ಯಯವಾಗುವ ಪ್ರತಿ ರೂಪಾಯಿಯೂ ಸದಸ್ಯರದ್ದೇ. ಸರ್ವರ್ ವಿಸ್ತರಣೆಯ ಪ್ರಸ್ತಾವ ಮುಂದೆ ಬಂದಾಗ ಆಡಳಿತ ಮಂಡಳಿಗಳು ಯಾವುದನ್ನು, ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಎಂಬ ಮಾಹಿತಿ ಇಲ್ಲಿದೆ.

ಬ್ಲೇಡ್ ಎಂದರೇನು?

ಸಾಮಾನ್ಯ ಸರ್ವರಿನಲ್ಲಿ ವಿದ್ಯುತ್ ಘಟಕ, ಫ್ಯಾನ್, ಜಾಲ ಸಂಪರ್ಕ ಎಲ್ಲವೂ ಆಯಾ ಪೆಟ್ಟಿಗೆಯಲ್ಲೇ ಇರುತ್ತವೆ. ಬ್ಲೇಡ್ ಸರ್ವರಿನಲ್ಲಿ ಹಾಗಲ್ಲ. ಪ್ರೊಸೆಸರ್, ಮೆಮೊರಿ ಹಾಗೂ ಒಂದೆರಡು ಡಿಸ್ಕ್‌ಗಳಿರುವ ತೆಳು ಹಲಗೆಯಷ್ಟೇ ಬ್ಲೇಡ್. ವಿದ್ಯುತ್, ಗಾಳಿ, ಜಾಲ ಸಂಪರ್ಕಗಳನ್ನು ಚಾಸಿ ಎಂಬ ದೊಡ್ಡ ಪೆಟ್ಟಿಗೆ ಎಲ್ಲ ಬ್ಲೇಡ್‌ಗಳಿಗೂ ಹಂಚುತ್ತದೆ. 2006ರಲ್ಲಿ ಬಂದ ಎಚ್‌ಪಿ ಸಿ7000 ಚಾಸಿಯಲ್ಲಿ 16 ಅರ್ಧ ಎತ್ತರದ ಬ್ಲೇಡ್‌ಗಳು, 6 ವಿದ್ಯುತ್ ಘಟಕಗಳು ಹಾಗೂ 10 ಫ್ಯಾನ್‌ಗಳಿಗೆ ಸ್ಥಳವಿದೆ. 2008ರ ಡೆಲ್ ಎಂ1000ಇ ಚಾಸಿಯಲ್ಲಿಯೂ 16 ಬ್ಲೇಡ್‌ಗಳಿಗೆ ಅವಕಾಶವಿದೆ.

ಒಂದು ಕಂಪನಿಯ ಬ್ಲೇಡ್ ಇನ್ನೊಂದು ಕಂಪನಿಯ ಚಾಸಿಗೆ ಹೊಂದುವುದಿಲ್ಲ. ಒಮ್ಮೆ ಚಾಸಿ ಕೊಂಡರೆ ಮುಂದಿನ ಎಲ್ಲ ಖರೀದಿಯೂ ಅದೇ ಬಾಗಿಲಿಗೆ ಹೋಗಬೇಕು.

ಮೊದಲು ಅಳತೆ, ಬಳಿಕ ಖರೀದಿ

'ಸರ್ವರ್ ನಿಧಾನವಾಗಿದೆ' ಎಂಬ ದೂರು ಖರೀದಿಗೆ ಆಧಾರವಾಗದು. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಅಡಿಕೆ ಹಂಗಾಮಿನ ದಟ್ಟಣೆ ಹಾಗೂ ಮಾರ್ಚ್ ಅಂತ್ಯದ ಲೆಕ್ಕ ಮುಕ್ತಾಯದ ದಿನಗಳಲ್ಲಿ, ಪ್ರೊಸೆಸರ್, ಮೆಮೊರಿ, ಡಿಸ್ಕ್, ಜಾಲ ಈ ನಾಲ್ಕರ ಬಳಕೆಯನ್ನು ದಾಖಲಿಸಬೇಕು. ಬಿಗಿಯಾದ ಕೊರಳು ಯಾವುದೆಂದು ತಿಳಿದ ಬಳಿಕ ಅದನ್ನಷ್ಟೇ ಸಡಿಲಿಸಬೇಕು.

ಮೆಮೊರಿ: ಬಹಳಷ್ಟು ಸಂದರ್ಭಗಳಲ್ಲಿ ಅತ್ಯಂತ ಅಗ್ಗದ ಪರಿಹಾರ ಇದೇ. ಆದರೆ ಆರ್‌ಡಿಐಎಂಎಂ ಹಾಗೂ ಎಲ್‌ಆರ್‌ಡಿಐಎಂಎಂ ಎಂಬ ಎರಡು ಬಗೆಗಳನ್ನು ಒಂದೇ ಬ್ಲೇಡಿನಲ್ಲಿ ಬೆರೆಸುವಂತಿಲ್ಲ. ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. ಪ್ರೊಸೆಸರಿನ ಎಲ್ಲ ಮೆಮೊರಿ ಚಾನೆಲ್‌ಗಳನ್ನೂ ಸಮನಾಗಿ ತುಂಬಿದರೆ ಮಾತ್ರ ಪೂರ್ಣ ವೇಗ ದೊರೆಯುತ್ತದೆ. ಎರಡನೆಯ ಪ್ರೊಸೆಸರ್ ಇಲ್ಲದ ಬ್ಲೇಡಿನಲ್ಲಿ ಅದರ ಪಾಲಿನ ಮೆಮೊರಿ ಜಾಗಗಳು ಕೆಲಸ ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಡಿಸ್ಕ್: ಅರ್ಧ ಎತ್ತರದ ಬ್ಲೇಡಿನಲ್ಲಿ ಸಾಮಾನ್ಯವಾಗಿ ಎರಡೇ ಡಿಸ್ಕ್‌ಗಳಿಗೆ ಸ್ಥಳವಿರುತ್ತದೆ. ತಿರುಗುವ ಡಿಸ್ಕ್‌ಗಳ ಬದಲು ಎಸ್‌ಎಸ್‌ಡಿ ಅಳವಡಿಸಿದರೆ ದತ್ತಾಂಶ ಹುಡುಕಾಟದ ಕೆಲಸ ಗಮನಾರ್ಹವಾಗಿ ಚುರುಕಾಗುತ್ತದೆ. ಎರಡನ್ನೂ ಪ್ರತಿಬಿಂಬದಂತೆ ಜೋಡಿಸುವ ರೇಡ್-1 ವ್ಯವಸ್ಥೆ ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆಯೇ ಹೊರತು ತಪ್ಪಾಗಿ ಅಳಿಸಿದ ಲೆಕ್ಕವನ್ನು ಮರಳಿ ತಾರದು. ಬ್ಯಾಕಪ್ ಪ್ರತ್ಯೇಕವಾಗಿಯೇ ಇರಬೇಕು.

ಪ್ರೊಸೆಸರ್: ಹೊಸ ಪ್ರೊಸೆಸರ್ ಅದೇ ಸಾಕೆಟ್ಟಿಗೆ ಸೇರಿದ್ದರೂ ಸಾಲದು. ಬ್ಲೇಡಿನ ಬಯಾಸ್ ಅದನ್ನು ಗುರುತಿಸಬೇಕು, ಶಾಖನಿವಾರಕವು ಅದರ ಉಷ್ಣವನ್ನು ತಾಳಬೇಕು, ಜೋಡಿಯಾಗಿದ್ದರೆ ಎರಡೂ ಒಂದೇ ಮಾದರಿಯವಾಗಿರಬೇಕು. ಇಲ್ಲಿ ಅಡಗಿರುವ ಇನ್ನೊಂದು ವೆಚ್ಚ ಪರವಾನಗಿಯದ್ದು. ಮೈಕ್ರೋಸಾಫ್ಟ್ ಕಂಪನಿಯು ಎಸ್‌ಕ್ಯುಎಲ್ ಸರ್ವರ್‌ಗೆ 2012ರ ಆವೃತ್ತಿಯಿಂದ ಹಾಗೂ ವಿಂಡೋಸ್ ಸರ್ವರ್‌ಗೆ 2016ರ ಆವೃತ್ತಿಯಿಂದ ಕೋರ್‌ಗಳ ಲೆಕ್ಕದ ಪರವಾನಗಿ ಪದ್ಧತಿಯನ್ನು ತಂದಿದೆ. ಕೋರ್ ಹೆಚ್ಚಿದಂತೆ ಶುಲ್ಕವೂ ಹೆಚ್ಚುತ್ತದೆ.

ವಿಸ್ತರಣಾ ಕಾರ್ಡ್: ಬ್ಲೇಡಿನ ಒಳಗೆ ಕೂರುವ ಮೆಜನೈನ್ ಕಾರ್ಡಿಗೆ ಚಾಸಿಯ ಹಿಂಬದಿಯಲ್ಲಿ ನಿಗದಿತ ಸ್ಥಾನವಿದೆ. ಸಿ7000ದಲ್ಲಿ ಅರ್ಧ ಎತ್ತರದ ಬ್ಲೇಡಿನ ಮೊದಲ ಮೆಜನೈನ್ ಕಾರ್ಡ್ 3 ಮತ್ತು 4ನೇ ಸ್ಥಾನಗಳಿಗೆ ಸೇರುತ್ತದೆ. ಅಲ್ಲಿ ಅದೇ ಬಗೆಯ ಸ್ವಿಚ್ ಇಲ್ಲದಿದ್ದರೆ ಕಾರ್ಡ್ ಕೊಂಡದ್ದು ವ್ಯರ್ಥ. ಕಾರ್ಡಿನ ದರಪಟ್ಟಿಯ ಜೊತೆಗೆ ಸ್ವಿಚ್ಚಿನ ದರವನ್ನೂ ಕೇಳಿ ಪಡೆಯುವುದು ಸೂಕ್ತ.

ವಿದ್ಯುತ್ ಮತ್ತು ತಂಪು

ಕೊಡಸಳ್ಳಿ ಜಲಾಶಯ ಯಲ್ಲಾಪುರ ತಾಲೂಕಿನಲ್ಲೇ ಇದೆ, ಕೈಗಾ ಅಣುಸ್ಥಾವರವೂ ಸಮೀಪದಲ್ಲಿದೆ. ಆದರೂ ಮಳೆಗಾಲದಲ್ಲಿ ಕಾಡಿನ ನಡುವಿನ ತಂತಿಯ ಮೇಲೆ ಮರ ಬಿದ್ದರೆ ಊರು ಕತ್ತಲಾಗುವುದು ಮಲೆನಾಡಿನವರಿಗೆ ಹೊಸತಲ್ಲ. ಬ್ಲೇಡ್ ವ್ಯವಸ್ಥೆಗೆ ಈ ಪರಿಸ್ಥಿತಿ ದೊಡ್ಡ ಪರೀಕ್ಷೆ.

ಉದಾಹರಣೆಗೆ, ತಲಾ 300 ವ್ಯಾಟ್ ಬಳಸುವ 8 ಬ್ಲೇಡ್‌ಗಳಿಗೆ 2.4 ಕಿಲೋವ್ಯಾಟ್ ಬೇಕು. ಫ್ಯಾನ್ ಮತ್ತು ಸ್ವಿಚ್‌ಗಳನ್ನು ಸೇರಿಸಿ 3 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಇಷ್ಟೂ ವಿದ್ಯುತ್ ಕೊನೆಗೆ ಉಷ್ಣವಾಗಿ ಕೊಠಡಿಗೆ ಸೇರುತ್ತದೆ. ಒಂದು ಟನ್ ಹವಾನಿಯಂತ್ರಕ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್ ಉಷ್ಣವನ್ನು. ಅಂದರೆ ಒಂದು ಟನ್ನಿನ ಯಂತ್ರ ಬಹುಪಾಲು ಸರ್ವರಿಗೇ ಸಲ್ಲುತ್ತದೆ. ಇನ್ನೂ ನಾಲ್ಕು ಬ್ಲೇಡ್ ಸೇರಿಸುವುದಾದರೆ ಹೆಚ್ಚುವರಿ ಹವಾನಿಯಂತ್ರಕದ ವೆಚ್ಚವೂ ಅದೇ ಪ್ರಸ್ತಾವದಲ್ಲಿರಬೇಕು. ಯುಪಿಎಸ್ ಸರ್ವರನ್ನು ಮಾತ್ರ ಹೊತ್ತು ಹವಾನಿಯಂತ್ರಕ ನಿಂತುಹೋದರೆ ಮುಚ್ಚಿದ ಕೊಠಡಿ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಜನರೇಟರ್ ಎರಡನ್ನೂ ಹೊರುವಂತಿರಬೇಕು. ಭೂಸಂಪರ್ಕ ಹಾಗೂ ಸಿಡಿಲು ರಕ್ಷಣೆಯನ್ನು ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸಬೇಕು.

ಚಾಸಿಯ 6 ವಿದ್ಯುತ್ ಘಟಕಗಳನ್ನು ಮೂರು ಮೂರಾಗಿ ಎರಡು ಪ್ರತ್ಯೇಕ ಮಾರ್ಗಗಳಿಗೆ ಜೋಡಿಸಿದರೆ ಒಂದು ಮಾರ್ಗ ಕೈಕೊಟ್ಟರೂ ಕೆಲಸ ನಡೆಯುತ್ತದೆ. ಬ್ಲೇಡ್‌ಗಳನ್ನು ಹೆಚ್ಚಿಸುತ್ತ ಹೋದಂತೆ ಈ ರಕ್ಷಣೆ ಸದ್ದಿಲ್ಲದೆ ಕಳೆದುಹೋಗಬಹುದು. ಮೂರೇ ಘಟಕಗಳು ಪೂರ್ಣ ಹೊರೆ ಹೊರಬಲ್ಲವೇ ಎಂಬುದೇ ಇಲ್ಲಿನ ಪ್ರಶ್ನೆ.

ಹಳೆಯ ಚಾಸಿಯ ಆಮಿಷ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಯಂತ್ರಗಳು ಅಗ್ಗಕ್ಕೆ ದೊರೆಯುತ್ತವೆ. ಆದರೆ ಸಿ7000ಕ್ಕೆ ಬಂದ ಕೊನೆಯ ತಲೆಮಾರಿನ ಬ್ಲೇಡ್ 'ಜೆನ್10'. ಅಲ್ಲಿಂದ ಮುಂದೆ ಕಂಪನಿ ಸಿನರ್ಜಿ ಎಂಬ ಬೇರೆಯೇ ಚೌಕಟ್ಟಿಗೆ ಸಾಗಿತು. ಡೆಲ್ 2018ರಲ್ಲಿ ತಂದ ಎಂಎಕ್ಸ್7000ಕ್ಕೆ ಎಂ1000ಇ ಬ್ಲೇಡ್‌ಗಳು ಹೊಂದುವುದಿಲ್ಲ. ಐಬಿಎಂ 2014ರಲ್ಲಿ ತನ್ನ ಎಕ್ಸ್86 ಸರ್ವರ್ ವಹಿವಾಟನ್ನೇ ಲೆನೊವೊಗೆ ಮಾರಿತು. ಅದೇ ವರ್ಷ ಎಚ್‌ಪಿ ತನ್ನ ಪ್ರೊಲಯಂಟ್ ಸರ್ವರ್‌ಗಳ ಫರ್ಮ್‌ವೇರ್ ಪರಿಷ್ಕರಣೆಗೆ ವಾರಂಟಿ ಅಥವಾ ನಿರ್ವಹಣಾ ಒಪ್ಪಂದ ಇರಬೇಕೆಂಬ ನಿಯಮ ತಂದಿತು. ಬಿಡಿಭಾಗ ದೊರೆಯದ ಚಾಸಿಗೆ ಬ್ಲೇಡ್ ಸೇರಿಸುವುದು ಒಣಗಿದ ಮರಕ್ಕೆ ಗೊಬ್ಬರ ಹಾಕಿದಂತೆ.

ಸ್ವಂತ ಸರ್ವರ್ ಅವಶ್ಯವೇ?

2000-01ರ ಸುಮಾರಿಗೆ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡಾಗ ಸರ್ವರ್ ಆಯಾ ತಾಲೂಕು ಕಚೇರಿಯಲ್ಲೇ ಇತ್ತು. ನಂತರದ ವರ್ಷಗಳಲ್ಲಿ ದತ್ತಾಂಶ ಬೆಂಗಳೂರಿನ ಕೇಂದ್ರ ವ್ಯವಸ್ಥೆಗೆ ಸ್ಥಳಾಂತರಗೊಂಡಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಈಗ ಇದೇ ದಾರಿಯಲ್ಲಿವೆ. ಕೇಂದ್ರ ಸಂಪುಟವು 2022ರ ಜೂನ್‌ನಲ್ಲಿ 2,516 ಕೋಟಿ ರೂ. ವೆಚ್ಚದಲ್ಲಿ 63 ಸಾವಿರ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿದ್ದು, ಅದರ ತಂತ್ರಾಂಶ ಕ್ಲೌಡ್ ಆಧಾರಿತವಾಗಿದೆ.

ಹೀಗಾಗಿ ಒಂದೆರಡು ಸರ್ವರ್ ಸಾಕಾಗುವ ಸಂಸ್ಥೆಗೆ ಬ್ಲೇಡ್ ದುಬಾರಿ. ಸಾಮಾನ್ಯ ರ‍್ಯಾಕ್ ಸರ್ವರ್ ಲೇಸು. ಈಗಾಗಲೇ ಚಾಸಿ ಇದ್ದು ಅದಕ್ಕೆ ನಿರ್ವಹಣಾ ಒಪ್ಪಂದವೂ ಇದ್ದರೆ ಮೊದಲು ಮೆಮೊರಿ, ಬಳಿಕ ಎಸ್‌ಎಸ್‌ಡಿ, ಕೊನೆಗೆ ಹೊಸ ಬ್ಲೇಡ್ ಎಂಬ ಕ್ರಮ ಹಿತಕರ. ಒಪ್ಪಂದ ಮುಗಿದಿದ್ದರೆ ವಿಸ್ತರಣೆಯ ಹಣವನ್ನು ಸ್ಥಳಾಂತರಕ್ಕೆ ಕಾಯ್ದಿರಿಸುವುದೇ ಜಾಣತನ. ಯಾವುದೇ ದರಪಟ್ಟಿಗೆ ಸಹಿ ಹಾಕುವ ಮುನ್ನ ಆಡಳಿತ ಮಂಡಳಿ ಮೂರು ಕಾಗದಗಳನ್ನು ಕೇಳಲಿ: ಒಂದು ತಿಂಗಳ ಬಳಕೆಯ ದಾಖಲೆ, ವಿದ್ಯುತ್ ಮತ್ತು ತಂಪಿನ ಲೆಕ್ಕ, ಐದು ವರ್ಷ ಬಿಡಿಭಾಗ ಒದಗಿಸುವ ಲಿಖಿತ ಭರವಸೆ.