ಯಾಜಕರ ಕಟ್ಟಳೆ, ಭಕ್ತರ ಮದುವೆ

ಆರೋನನ ವಂಶದ ಯಾಜಕರು ಯಾರನ್ನು ಮದುವೆಯಾಗಬಾರದು ಎಂಬುದನ್ನು ಬೈಬಲಿನ ಯಾಜಕಕಾಂಡದ 21ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ವೇಶ್ಯೆ ಮತ್ತು ಗಂಡಬಿಟ್ಟವಳು ಯಾವ ಯಾಜಕನಿಗೂ ಸಲ್ಲರು. ಮಹಾಯಾಜಕನಿಗಾದರೋ ವಿಧವೆಯೂ ಸಲ್ಲಳು. ಆತನು ಕನ್ಯೆಯನ್ನೇ ವರಿಸಬೇಕು. ಸಾಮಾನ್ಯ ಇಸ್ರಾಯೇಲ್ಯನು ವಿಧವೆಯನ್ನು ಕೈಹಿಡಿಯಲು ಇಂಥ ಅಡ್ಡಿ ಇರಲಿಲ್ಲ.

ಯಾಜಕತ್ವ ತಂದೆಯಿಂದ ಮಗನಿಗೆ ಬರುವ ಹಕ್ಕಾಗಿತ್ತು. ಬಲಿಪೀಠದ ಬಳಿ ನಿಲ್ಲುವವನ ವಂಶದ ಬಗ್ಗೆ ಅನುಮಾನಕ್ಕೆ ಎಡೆ ಇರಬಾರದಿತ್ತು. ಈಜಿಪ್ಟ್, ಬ್ಯಾಬಿಲೋನುಗಳಲ್ಲಿ ನೆಲಸಿದ್ದ ಯಾಜಕರು ಕೂಡ ವಧುವಿನ ವಂಶಾವಳಿಯನ್ನು ಜೆರೂಸಲೇಮಿಗೆ ಬರೆದು ಕಳುಹಿಸುತ್ತಿದ್ದರೆಂದು, ಸ್ವತಃ ಯಾಜಕ ಕುಲದವನಾದ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ನಾಶಮಾಡಿದರು. ಬಲಿಪೀಠ ಹೋಯಿತು, ಕಟ್ಟಳೆ ಮಾತ್ರ ಉಳಿಯಿತು. ಯೆಹೂದಿ ಸಂಪ್ರದಾಯಸ್ಥರಲ್ಲಿ ಯಾಜಕ ಕುಲದವನು ವಿಚ್ಛೇದಿತೆಯನ್ನು ಇಂದಿಗೂ ಮದುವೆಯಾಗುವಂತಿಲ್ಲ.

ಕ್ರೈಸ್ತರ ಪ್ರಶ್ನೆ ಬೇರೆ. ಅವರಲ್ಲಿ ಯಾಜಕ ಕುಲವೇ ಇಲ್ಲ. ಕ್ರಿಸ್ತನೊಬ್ಬನೇ ಮಹಾಯಾಜಕನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಸಾರಿದರೆ, ವಿಶ್ವಾಸಿಗಳೆಲ್ಲರೂ ಯಾಜಕರೆಂದು ಪೇತ್ರನ ಪತ್ರಿಕೆ ಹೇಳುತ್ತದೆ. ಹಾಗಾದರೆ ಆರೋನನ ಮಕ್ಕಳ ಕಟ್ಟಳೆ ಈಗ ಯಾರಿಗೂ ಅನ್ವಯಿಸುವುದಿಲ್ಲವೇ, ಅಥವಾ ಎಲ್ಲರಿಗೂ ಅನ್ವಯಿಸುತ್ತದೆಯೇ?

ಎಲ್ಲರಿಗೂ ಎಂದವನು 3ನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿದ್ದ ಪಂಡಿತ ತೆರ್ತುಲಿಯನ್. ಭಕ್ತರೂ ಯಾಜಕರೇ ಆದಮೇಲೆ ಅವರಿಗೂ ಒಂದೇ ಮದುವೆ, ಸಂಗಾತಿ ಸತ್ತರೂ ಮರುಮದುವೆ ಸಲ್ಲದು ಎಂಬುದು ಅವನ ವಾದ. ಆದರೆ ಗಂಡ ಸತ್ತ ಹೆಂಗಸು ಮತ್ತೆ ಮದುವೆಯಾಗಲು ಸ್ವತಂತ್ರಳು ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದ. ಆದ್ದರಿಂದ ಸಭೆ ತೆರ್ತುಲಿಯನ್ನನ ವಾದವನ್ನು ಒಪ್ಪಲಿಲ್ಲ.

ಭಕ್ತರ ಹೆಗಲಿನಿಂದ ಇಳಿದ ಈ ಹೊರೆ ಪಾದ್ರಿಗಳ ಮೇಲೆ ಬಿತ್ತು. ವಿಧವೆ, ವಿಚ್ಛೇದಿತೆ, ದಾಸಿ ಅಥವಾ ನಟಿಯನ್ನು ಮದುವೆಯಾದವನಿಗೆ ಗುರುದೀಕ್ಷೆ ಇಲ್ಲವೆಂದು 4ನೆಯ ಶತಮಾನದ ಕೊನೆಯ ಹೊತ್ತಿಗೆ ಸಂಕಲಿತವಾದ ‘ಅಪೊಸ್ತಲರ ನಿಯಮ’ಗಳು ವಿಧಿಸಿದವು. ಮಧ್ಯಯುಗದ ಪಶ್ಚಿಮ ಯೂರೋಪಿನಲ್ಲಂತೂ ವಿಧವೆಯನ್ನು ಒಮ್ಮೆ ಮದುವೆಯಾದವನನ್ನೂ ‘ದ್ವಿಪತ್ನೀಕ’ ಎಂದೇ ಎಣಿಸಲಾಗುತ್ತಿತ್ತು.

ಇದು ಬರೀ ಮಾತಿನ ಜಗಳವಾಗಿರಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಅಪರಾಧಿಯು ಪಾದ್ರಿ ವರ್ಗದವನೆಂದು ಸಾಬೀತಾದರೆ ಗಲ್ಲಿನಿಂದ ಪಾರಾಗುತ್ತಿದ್ದ. 1276ರ ಶಾಸನದಂತೆ ದ್ವಿಪತ್ನೀಕನಿಗೆ ಆ ರಕ್ಷೆ ಇರಲಿಲ್ಲ. ಹೆಂಡತಿ ಹಿಂದೆ ವಿಧವೆಯಾಗಿದ್ದಳೆಂಬ ಕಾರಣವೇ ಗಂಡನ ಕೊರಳಿಗೆ ಉರುಳಾಗಬಹುದಿತ್ತು. 1547ರಲ್ಲಷ್ಟೇ ಈ ನಿಯಮ ರದ್ದಾಯಿತು.

ನಮ್ಮ ನೆರೆಯ ಕೇರಳಕ್ಕೂ ಪಾದ್ರಿಗಳ ಮದುವೆಯ ವಿವಾದ ಬಂದಿತ್ತು. ಅಲ್ಲಿನ ಸಿರಿಯನ್ ಕ್ರೈಸ್ತರ ಕತ್ತನಾರರು, ಅಂದರೆ ಪಾದ್ರಿಗಳು, ಸಂಸಾರಸ್ಥರಾಗಿದ್ದರು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಕರೆದ ಸಭೆ ಅವರ ಮದುವೆಯನ್ನೇ ನಿಷೇಧಿಸಿತು.

‘ಎಲ್ಲರೂ ಯಾಜಕರು’ ಎಂಬ ಮಾತಿಗೆ ಜರ್ಮನಿಯ ಲೂಥರ್ 1520ರಲ್ಲಿ ತದ್ವಿರುದ್ಧ ಅರ್ಥ ಕೊಟ್ಟ. ಎಲ್ಲರೂ ಯಾಜಕರಾದರೆ ಪಾದ್ರಿಯೂ ಎಲ್ಲರಂತೆಯೇ, ಅವನೂ ಮದುವೆಯಾಗಬಹುದು. ಸನ್ಯಾಸಿಯಾಗಿದ್ದ ಅವನೇ 1525ರಲ್ಲಿ ಸನ್ಯಾಸಿನಿಯಾಗಿದ್ದವಳ ಕೈಹಿಡಿದ. ತೆರ್ತುಲಿಯನ್ ಬಾಗಿಲು ಮುಚ್ಚಲು ಬಳಸಿದ ಕೀಲಿಯಿಂದಲೇ ಲೂಥರ್ ಅದನ್ನು ತೆರೆದ.

ಇಂದು ಹಿಡಿತ ಸಡಿಲವಾಗಿದೆ. ಗುರುದೀಕ್ಷೆಗೆ ದ್ವಿಪತ್ನೀಕತ್ವ ಅಡ್ಡಿ ಎಂಬ ನಿಯಮ 1983ರ ಕ್ಯಾಥೊಲಿಕ್ ಧರ್ಮಸಂಹಿತೆಯಲ್ಲಿಲ್ಲ. ಆದರೆ ಲ್ಯಾಟಿನ್ ಪಂಥದ ಪಾದ್ರಿಗಳಿಗೆ ಬ್ರಹ್ಮಚರ್ಯವೇ ನಿಯಮ. ವಿಚ್ಛೇದನದ ನಂತರ ಮರುಮದುವೆಯಾದವರಿಗೂ ವಿಶೇಷ ಅನುಮತಿಯ ಮೇರೆಗೆ ದೀಕ್ಷೆ ಕೊಡಲು ಚರ್ಚ್ ಆಫ್ ಇಂಗ್ಲೆಂಡಿನ 1990ರ ಶಾಸನ ದಾರಿ ಮಾಡಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹಳೆಯ ನಿಯಮವನ್ನು ಈಗಲೂ ಗೌರವಿಸುತ್ತವೆ. ಆದರೂ ಕಾನ್‌ಸ್ಟಾಂಟಿನೋಪಲ್ಲಿನ ಪೀಠ 2018ರಲ್ಲಿ, ಹೆಂಡತಿ ತೀರಿಕೊಂಡ ಪಾದ್ರಿಗಳು ಕೆಲವು ಸಂದರ್ಭಗಳಲ್ಲಿ ಮತ್ತೆ ಮದುವೆಯಾಗಲು ಒಪ್ಪಿತು.

ಹೀಗಿದ್ದರೂ ವಿಧವೆ, ವಿಚ್ಛೇದಿತೆಯರ ಮದುವೆಗೆ ಯಾಜಕಕಾಂಡವನ್ನು ಅಡ್ಡ ಹಿಡಿಯುವ ಪ್ರವೃತ್ತಿ ಪೂರ್ತಿ ಹೋಗಿಲ್ಲ. ವಿಚ್ಛೇದನದ ಬಗ್ಗೆ ಏಸುವಿನ ಕಟುವಾದ ಮಾತುಗಳಿವೆ. ಕ್ರೈಸ್ತರು ಚರ್ಚಿಸಬೇಕಾದದ್ದು ಅವನ್ನು. ಯಾಜಕಕಾಂಡದ ಕಟ್ಟಳೆಯಾದರೋ ಒಂದು ಕುಲಕ್ಕೆ, ಒಂದು ದೇವಾಲಯಕ್ಕೆ ಸೇರಿದ್ದು. ಮಹಾಯಾಜಕನಿಗೆ ವಿಧವೆ ಸಲ್ಲಳು ಎಂದ ಆ ಗ್ರಂಥವೂ ವಿಧವೆಯರಿಗೆ ಮದುವೆಯೇ ಸಲ್ಲದೆಂದು ಎಲ್ಲೂ ಹೇಳಲಿಲ್ಲ. ಪೀಠದ ಘನತೆಗಾಗಿ ಹುಟ್ಟಿದ ನಿಯಮವನ್ನು ಹೆಣ್ಣಿನ ಮೇಲಿನ ಕಳಂಕವಾಗಿ ಓದಿದವರು ನಂತರ ಬಂದವರು.