ಮತಗಳ ಲೆಕ್ಕಕ್ಕೆ ಹೊಣೆ ಯಾರು? ಜಾರ್ಜಿಯ ರಾಜ್ಯದ ಒಂದು ಚುನಾವಣೆಯ ಕಥನ

2018ರ ಡಿಸೆಂಬರ್ 4ರಂದು ಜಾರ್ಜಿಯ ರಾಜ್ಯದಲ್ಲಿ ಒಂದು ಚುನಾವಣೆ ನಡೆಯಿತು. ಅದಕ್ಕೆ ನಾಲ್ಕು ವಾರ ಮೊದಲು, ನವೆಂಬರ್ 6ರಂದು, ಅದೇ ಹುದ್ದೆಗೆ 38 ಲಕ್ಷಕ್ಕೂ ಹೆಚ್ಚು ಜನ ಮತ ನೀಡಿದ್ದರು. ಯಾವ ಅಭ್ಯರ್ಥಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದ ಕಾರಣ, ರಾಜ್ಯದ ಕಾನೂನಿನಂತೆ ಎರಡನೆಯ ಸುತ್ತಿನ ಮತದಾನ ಅನಿವಾರ್ಯವಾಯಿತು. ಈ ಸಲ ಮತಗಟ್ಟೆಗೆ ಬಂದವರು 15 ಲಕ್ಷಕ್ಕೂ ಕಡಿಮೆ. ರಿಪಬ್ಲಿಕನ್ ಪಕ್ಷದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರು ಡೆಮಾಕ್ರಟಿಕ್ ಪಕ್ಷದ ಜಾನ್ ಬ್ಯಾರೋ ಅವರನ್ನು ಸುಮಾರು 56 ಸಾವಿರ ಮತಗಳಿಂದ ಸೋಲಿಸಿದರು. ಎರಡು ವರ್ಷಗಳಲ್ಲಿ ಇಡೀ ದೇಶದ ಕಣ್ಣು ಈ ಹುದ್ದೆಯ ಮೇಲೆ ನೆಡಲಿದೆಯೆಂದು ಅಂದು ಊಹಿಸಿದವರು ವಿರಳ.

ಹುದ್ದೆಯ ಹೆಸರು ಸೆಕ್ರೆಟರಿ ಆಫ್ ಸ್ಟೇಟ್. ವಾಷಿಂಗ್ಟನ್ನಿನಲ್ಲಿ ಈ ಹೆಸರಿನವರು ವಿದೇಶಾಂಗ ಸಚಿವರು. ರಾಜ್ಯಗಳಲ್ಲಿ ಇದರ ಅರ್ಥವೇ ಬೇರೆ. ಆರಂಭದಲ್ಲಿ ರಾಜ್ಯ ಕಾರ್ಯದರ್ಶಿಯೆಂದರೆ ರಾಜಮುದ್ರೆಯನ್ನೂ ಕಡತಗಳನ್ನೂ ಕಾಯುವ ಅಧಿಕಾರಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಧಿಕಾರಿಗಳನ್ನು ಜನರೇ ಆರಿಸಬೇಕೆಂಬ ಅಲೆ ಎದ್ದಾಗ, ಅನೇಕ ರಾಜ್ಯಗಳು ಈ ಹುದ್ದೆಯನ್ನೂ ಚುನಾವಣೆಗೆ ಒಪ್ಪಿಸಿದವು. ನ್ಯೂಯಾರ್ಕಿನ 1846ರ ಸಂವಿಧಾನ ಅದಕ್ಕೊಂದು ನಿದರ್ಶನ. ಕಡತ ಕಾಯುವವನು ಯಾವ ಪಕ್ಷದವನಾದರೇನು ಎಂಬ ನಿಶ್ಚಿಂತೆ ಅಂದು ಇದ್ದಿರಬೇಕು.

ಕಾಲ ಸರಿದಂತೆ ಕಡತಗಳ ಜೊತೆಗೆ ಮತಗಳೂ ಆ ಮೇಜಿಗೆ ಬಂದವು. 1993ರ ರಾಷ್ಟ್ರೀಯ ಮತದಾರರ ನೋಂದಣಿ ಕಾನೂನು, ಪ್ರತಿ ರಾಜ್ಯವೂ ಒಬ್ಬ ಮುಖ್ಯ ಚುನಾವಣಾ ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದು ವಿಧಿಸಿತು. 2002ರ ಕಾನೂನು ಇಡೀ ರಾಜ್ಯಕ್ಕೆ ಒಂದೇ ಗಣಕೀಕೃತ ಮತದಾರರ ಪಟ್ಟಿ ಇರಬೇಕೆಂದಿತು. ಹೀಗೆ ಪಟ್ಟಿಯ ಕೀಲಿಕೈ ಸಹ ಅದೇ ಕೈಗೆ ಬಂತು. ಅಧಿಕಾರ ಬೆಳೆಯಿತು, ಆದರೆ ಪಕ್ಷದ ಹೆಸರಿನಲ್ಲಿ ಆರಿಸಿ ಬರುವ ಪದ್ಧತಿ ಬಹುತೇಕ ಕಡೆ ಹಾಗೆಯೇ ಉಳಿಯಿತು.

ಇದರ ಅಪಾಯ ದೇಶಕ್ಕೆ ಮನದಟ್ಟಾದದ್ದು 2000ದಲ್ಲಿ, ಫ್ಲಾರಿಡಾದಲ್ಲಿ. ಅಲ್ಲಿ ಜಾರ್ಜ್ ಬುಷ್ ಅವರು 537 ಮತಗಳಿಂದ ಗೆದ್ದರೆಂದು ಪ್ರಮಾಣೀಕರಿಸಿದ ರಾಜ್ಯ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್, ಆ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷರಲ್ಲೊಬ್ಬರೂ ಆಗಿದ್ದರು. ವಿಚಿತ್ರವೆಂದರೆ, ಅವರು ಚುನಾಯಿತರಾದ 1998ರಲ್ಲಿಯೇ ಫ್ಲಾರಿಡಾದ ಮತದಾರರು ಈ ಹುದ್ದೆಯನ್ನು ಮುಂದೆ ನೇಮಕದಿಂದ ತುಂಬಲು ಒಪ್ಪಿಗೆ ನೀಡಿದ್ದರು. ಹ್ಯಾರಿಸ್ ಅವರೇ ಅಲ್ಲಿನ ಕೊನೆಯ ಚುನಾಯಿತ ರಾಜ್ಯ ಕಾರ್ಯದರ್ಶಿ.

ಜಾರ್ಜಿಯದಲ್ಲಿ ಅಂಥದೇ ಪ್ರಶ್ನೆ 2018ರಲ್ಲಿ ಎದ್ದಿತು. ರಾಜ್ಯ ಕಾರ್ಯದರ್ಶಿ ಬ್ರಯಾನ್ ಕೆಂಪ್ ಸ್ವತಃ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದರು. ಮತದಾನ ಮುಗಿದು ಎರಡು ದಿನಗಳಾದ ಮೇಲಷ್ಟೇ ರಾಜೀನಾಮೆ ನೀಡಿದರು. ಆ ಶರತ್ಕಾಲದಲ್ಲಿ ಸುಮಾರು 53 ಸಾವಿರ ನೋಂದಣಿ ಅರ್ಜಿಗಳು ಬಾಕಿ ಉಳಿದಿದ್ದವು. ಅರ್ಜಿಯಲ್ಲಿನ ವಿವರ ಸರಕಾರಿ ದಾಖಲೆಗೆ ಅಕ್ಷರಶಃ ಹೊಂದಬೇಕೆಂಬ ನಿಯಮವೇ ಅದಕ್ಕೆ ಮುಖ್ಯ ಕಾರಣ. ಕಾನೂನಿನ ಪಾಲನೆಯಷ್ಟೇ ಇದು ಎಂದರು ಕೆಂಪ್. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬುದು ವಿರೋಧಿಗಳ ಆಕ್ಷೇಪ. ಊರ ಹೆಸರು, ತಂದೆಯ ಹೆಸರು, ಇನಿಷಿಯಲ್‌ಗಳನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿ ಹೊತ್ತು ಬಂದ ಕನ್ನಡಿಗರಿಗೆ ಈ ನಿಯಮದ ಬಿಸಿ ವಿವರಿಸಬೇಕಾದುದಲ್ಲ. ಹಳೆಯ ದಾಖಲೆಗಳಲ್ಲಿ ಪೌರರಲ್ಲವೆಂದು ನಮೂದಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಅವರಲ್ಲಿ ಹೊಸದಾಗಿ ಪೌರತ್ವ ಪಡೆದವರು ಮತಗಟ್ಟೆಯಲ್ಲಿಯೇ ಅದರ ಪುರಾವೆ ತೋರಿಸಿ ಮತ ನೀಡಬಹುದೆಂದು ಒಕ್ಕೂಟ ನ್ಯಾಯಾಲಯ ಆದೇಶಿಸಿತು. ಮತದಾನಕ್ಕೆ ಆಗ ಉಳಿದದ್ದು ನಾಲ್ಕೇ ದಿನ.

ಈ ಗದ್ದಲದ ನಡುವೆ ಆರಿಸಿ ಬಂದವರು ರಾಫೆನ್ಸ್‌ಪರ್ಗರ್. ವೃತ್ತಿಯಿಂದ ಎಂಜಿನಿಯರ್, ಭಾರತೀಯ ಕುಟುಂಬಗಳು ಬಹುವಾಗಿ ನೆಲೆಸಿರುವ ಜಾನ್ಸ್ ಕ್ರೀಕ್ ಪ್ರದೇಶವನ್ನು ಶಾಸನಸಭೆಯಲ್ಲಿ ಪ್ರತಿನಿಧಿಸಿದ್ದವರು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ತಾವು ಬೆಂಬಲಿಸಿದ್ದ ಅಭ್ಯರ್ಥಿ ಜಾರ್ಜಿಯದಲ್ಲಿ 11,779 ಮತಗಳಿಂದ ಸೋತರು. ಸುಮಾರು 50 ಲಕ್ಷ ಮತಪತ್ರಗಳನ್ನು ಒಮ್ಮೆ ಕೈಯಿಂದ, ಮತ್ತೊಮ್ಮೆ ಯಂತ್ರದಿಂದ ಪುನಃ ಎಣಿಸಲಾಯಿತು, ಫಲಿತಾಂಶ ಬದಲಾಗಲಿಲ್ಲ. 2021ರ ಜನವರಿ 2ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ದೂರವಾಣಿಯಲ್ಲಿ ಸುಮಾರು ಒಂದು ತಾಸು ಮಾತನಾಡಿ, 11,780 ಮತಗಳನ್ನು ಹುಡುಕಿಕೊಡಬೇಕೆಂಬ ತಮ್ಮ ಬಯಕೆಯನ್ನು ಮುಂದಿಟ್ಟರು. ರಾಜ್ಯ ಕಾರ್ಯದರ್ಶಿ ಒಪ್ಪಲಿಲ್ಲ.

ಅದೇ ವರ್ಷದ ಹೊಸ ಕಾನೂನಿನಿಂದ ರಾಜ್ಯ ಚುನಾವಣಾ ಮಂಡಳಿಯಲ್ಲಿ ಅವರ ಅಧ್ಯಕ್ಷತೆಯೂ ಮತದಾನದ ಹಕ್ಕೂ ಹೋದವು. ಸ್ವಪಕ್ಷದಲ್ಲಿಯೇ ಅವರ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ 2022ರ ಮೇ 24ರ ಪ್ರೈಮರಿಯಲ್ಲಿ, ಟ್ರಂಪ್ ಬೆಂಬಲವಿದ್ದ ಜೋಡಿ ಹೈಸ್ ಅವರನ್ನು ಎರಡನೆಯ ಸುತ್ತಿಗೂ ಎಡೆಯಿಲ್ಲದಂತೆ ಸೋಲಿಸಿದರು. ನವೆಂಬರಿನಲ್ಲಿ, ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರ ಮಗಳಾದ ಬೀ ನುಯೆನ್ ಅವರ ಎದುರು ಮರಳಿ ಆಯ್ಕೆಯಾದರು.

ನಾವು ಬಿಟ್ಟು ಬಂದ ನಾಡಿನಲ್ಲಿ ವ್ಯವಸ್ಥೆಯೇ ಬೇರೆ. 1950ರಲ್ಲಿ ಸ್ಥಾಪಿತವಾದ ಚುನಾವಣಾ ಆಯೋಗ, ಕರ್ನಾಟಕವೂ ಸೇರಿದಂತೆ ಪ್ರತಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯನ್ನು ಸರಕಾರಿ ಅಧಿಕಾರಿಗಳಿಂದಲೇ ಆರಿಸಿ ನೇಮಿಸುತ್ತದೆ. ಅಲ್ಲಿ ಪ್ರಜೆ ಆ ಅಧಿಕಾರಿಯ ನಿಷ್ಪಕ್ಷಪಾತವನ್ನು ನಂಬಬೇಕು, ಸಂಶಯ ಬಂದರೆ ಪ್ರಶ್ನಿಸಬೇಕು, ಆರಿಸಲಾರ. ಜಾರ್ಜಿಯದಂಥ ರಾಜ್ಯಗಳಲ್ಲಿ ಆರಿಸುವ ಹೊಣೆಯೇ ಪ್ರಜೆಯದು. ಯಾವುದು ಮೇಲು ಎಂಬ ತೀರ್ಪಿಗೆ ಫ್ಲಾರಿಡಾ ಒಂದು ಸಾಕ್ಷಿ ಹೇಳಿದರೆ, ಜಾರ್ಜಿಯ ಇನ್ನೊಂದನ್ನು ಹೇಳುತ್ತದೆ.

ಒಂದು ಮಾತು ಮಾತ್ರ ನಿಸ್ಸಂದೇಹ. 2021ರ ಜನವರಿಯ ಆ ಕರೆಗೆ ಉತ್ತರ ಕೊಡಬೇಕಾದವರು ಯಾರೆಂಬುದು, 2018ರ ಡಿಸೆಂಬರಿನಲ್ಲಿ ಮತಗಟ್ಟೆಗೆ ಹೋದ 15 ಲಕ್ಷಕ್ಕೂ ಕಡಿಮೆ ಜನರಿಂದ ನಿರ್ಧಾರವಾಗಿತ್ತು. ಮೊದಲ ಸುತ್ತಿನಲ್ಲಿ ಮತ ನೀಡಿಯೂ ಎರಡನೆಯ ಸುತ್ತಿಗೆ ಬಾರದೆ ಉಳಿದವರು 20 ಲಕ್ಷಕ್ಕೂ ಹೆಚ್ಚು. ಮತಪತ್ರದ ಕೆಳಸಾಲುಗಳನ್ನು ಓದದೆ ಮುಂದೆ ಸಾಗುವ ಅಭ್ಯಾಸ ನಮ್ಮಲ್ಲೂ ಇದೆ. ಮುಂದಿನ ಸಲ ಆ ಸಾಲಿನ ಮುಂದೆ ಕ್ಷಣಕಾಲ ನಿಲ್ಲೋಣ. ಉಳಿದೆಲ್ಲ ಸಾಲುಗಳ ಲೆಕ್ಕಕ್ಕೆ ಹೊಣೆಯಾಗುವವರ ಹೆಸರು ಅಲ್ಲಿರುತ್ತದೆ.