ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮನೆತನಗಳ ವಂಶಾವಳಿ

ಶರಣಧರ್ಮದ ಅನುಯಾಯಿಗಳು ತಮ್ಮ ವಂಶಾವಳಿಯನ್ನು ಶೋಧಿಸುವುದು ಯುಕ್ತವೇ ಎಂಬ ಶಂಕೆಯು ಸದ್ಭಕ್ತರಲ್ಲಿ ಆಗಾಗ ಏಳುವುದುಂಟು. ಇಷ್ಟಲಿಂಗವನ್ನು ಧರಿಸಿದವನ ಹಿಂದಣ ಕುಲವನ್ನು ಕೇಳಲಾಗದೆಂಬುದು ಹನ್ನೆರಡನೆಯ ಶತಮಾನದ ಶರಣರ ನಿಲುವು. ದೀಕ್ಷೆಯಾದವನಿಗೆ ಗುರುವೇ ತಂದೆ. ಈ ಶಂಕೆಯನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಕುಲವನ್ನು ಕೇಳುವುದು ಬೇರೆ, ಹಿರಿಯರನ್ನು ನೆನೆಯುವುದು ಬೇರೆ. ಕುಲವನ್ನು ಕೇಳುವವನು ಮೇಲುಕೀಳನ್ನು ಅಳೆಯುವುದಕ್ಕಾಗಿ ಕೇಳುವನು. ಮನೆತನದ ಚರಿತ್ರೆಯನ್ನು ಬರೆಯುವವನಾದರೋ ಈ ಹೊಲವನ್ನು ಹಸನು ಮಾಡಿದವರು ಯಾರು, ಬರದಲ್ಲಿ ಊರು ಬಿಟ್ಟವರು ಯಾರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದನ್ನು ತಿಳಿಯಬಯಸುವನು. ನಮ್ಮ ಮಠಗಳೇ ಗುರುಪರಂಪರೆಯನ್ನು ಒಬ್ಬೊಬ್ಬರಾಗಿ ಹೆಸರಿಸಿ ಸ್ಮರಿಸುತ್ತ ಬಂದಿರುವಾಗ ಶಿಷ್ಯರ ಮನೆಗಳಿಗೆ ಅದು ಹೇಗೆ ನಿಷಿದ್ಧವಾದೀತು?

ಈ ಸೀಮೆಯಲ್ಲಿ ಆ ವಿಚಾರವು ಬಹು ಪ್ರಾಚೀನವಾದುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಕ್ರಿ. ಶ. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಬೆಳಕಿಗೆ ತಂದ ಅಶೋಕನ ಬಂಡೆಶಾಸನಗಳು ತಂದೆತಾಯಿಗಳ ಮಾತನ್ನು ನಡೆಸಬೇಕೆಂದೂ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದೂ, ಜ್ಞಾತಿಗಳೊಡನೆ ತಕ್ಕಂತೆ ವರ್ತಿಸಬೇಕೆಂದೂ ವಿಧಿಸುವುವು. ಗುರುವಿನ ಋಣವೂ ಬಂಧುಗಳ ಋಣವೂ ಒಂದೇ ಬಂಡೆಯ ಮೇಲೆ ಕೂಡಿಬಂದಿರುವುದು ಗಮನಾರ್ಹವಾಗಿದೆ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡನೆಂದು ತಿಳಿದುಬರುವುದು. ಅವನು ಯಾರ ಮಗನೆಂಬುದನ್ನು ಮಾತ್ರ ಬಂಡೆಯು ಹೇಳದು!

ಮನೆತನಗಳ ಪೀಳಿಗೆಗಳನ್ನು ನೆನಪಿನಲ್ಲಿಟ್ಟುಕೊಂಡು ಹೇಳುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡವರು ಹೆಳವರು. ಎತ್ತನ್ನೇರಿ, ಕಂಬಳಿಯಿಂದ ಕಾಲುಗಳನ್ನು ಮುಚ್ಚಿಕೊಂಡು, ಗಂಟೆಯ ನಾದದೊಡನೆ ಊರನ್ನು ಹೊಗುತ್ತಿದ್ದ ಇವರನ್ನು ಹಿಂದಿನ ತಲೆಮಾರಿನವರೆಲ್ಲರೂ ಬಲ್ಲರು. ಗಡಿಯ ತೆಲುಗರು ಇಂತಹವರನ್ನೇ ಪಿಚ್ಚುಗುಂಟರೆಂದು ಕರೆಯುವರು. ಬಸವಣ್ಣನವರೇ ತಮ್ಮ ಹಿರಿಯರಿಗೆ ಈ ಕಾಯಕವನ್ನು ಒಪ್ಪಿಸಿದರೆಂಬ ಐತಿಹ್ಯವು ಅವರಲ್ಲುಂಟು. ಒಂದೊಂದು ಹೆಳವ ಮನೆತನಕ್ಕೆ ಇಂತಿಂತಹ ಊರುಗಳು, ಇಂತಿಂತಹ ಒಕ್ಕಲುಗಳು ಎಂದು ಹಂಚಿಕೆಯಿರುವುದು. ವರ್ಷಗಳ ತರುವಾಯ ಬಂದ ಹೆಳವನು ಜಗುಲಿಯ ಮೇಲೆ ಕುಳಿತು ಮೂಲಪುರುಷನಿಂದ ತೊಡಗಿ, ಅವನು ಯಾವ ಊರಿನಿಂದ ಬಂದನು, ಅವನಿಗೆ ಎಷ್ಟು ಮಕ್ಕಳು, ಯಾವ ಶಾಖೆಯು ಎಲ್ಲಿ ಒಡೆಯಿತು ಎಂಬುದನ್ನು ರಾಗವಾಗಿ ಹೇಳಿ, ಕಳೆದ ಬಾರಿ ತಾನು ಬಂದುಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರನ್ನು ತನ್ನ ಹೊತ್ತಗೆಯಲ್ಲಿ ಸೇರಿಸಿಕೊಳ್ಳುವನು. ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಅನುಕೂಲವಿದ್ದಲ್ಲಿ ಕರುವೋ ಹೋರಿಯೋ ಸಲ್ಲುವುದು. ಇದನ್ನು ಭಿಕ್ಷೆಯೆಂದು ತಿಳಿದು ಬಾಗಿಲಿನಿಂದಲೇ ಕಳುಹಿಸುವ ಮನೆಗಳು ಈಗ ಹೆಚ್ಚಾಗಿರುವುವು. ಆ ಹೊತ್ತಗೆಗೆ ಮತ್ತೊಂದು ಪ್ರತಿಯಿಲ್ಲವೆಂಬುದನ್ನು ಅಂತಹವರು ಅರಿಯರು. ಅಮೆರಿಕದ ಯೂಟಾ ಪ್ರಾಂತದಲ್ಲಿರುವ ವಂಶಶೋಧನ ಸಂಸ್ಥೆಯೊಂದು ಹೆಳವರ ದಾಖಲೆಗಳನ್ನು ಪ್ರತಿಮಾಡಿಸಿಟ್ಟಿದೆ. ದೂರದವರಿಗೆ ತೋರಿದ ಬೆಲೆ ಹತ್ತಿರದ ನಮಗೆ ತೋರದಿರುವುದು ವಿಚಿತ್ರವೇ ಸರಿ.

ಹೆಳವನ ಮಾತನ್ನಾದರೂ ಪರೀಕ್ಷಿಸದೆ ಸ್ವೀಕರಿಸಲಾಗದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯು ನಮ್ಮಲ್ಲಿರುವುದರಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿನಲ್ಲಿ ಅದೇ ತಿಪ್ಪೇರುದ್ರಪ್ಪ, ಅದೇ ಬಸಪ್ಪ ಮರಳಿ ಬರುವರು. ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳ ಹೆಸರಂತೂ ಈ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ! ಇಬ್ಬರನ್ನು ಒಬ್ಬನೆಂದು ಎಣಿಸಿದರೆ ಐವತ್ತು ಅರುವತ್ತು ವರ್ಷಗಳೇ ಲೋಪವಾಗುವುವು. ಹೆಂಡತಿಯ ಹೆಸರನ್ನೂ ಆಕೆಯ ತವರೂರನ್ನೂ ಕೂಡಿಸಿ ಕೇಳಿದಲ್ಲಿ ಮಾತ್ರ ಈ ತೊಡಕು ಬಿಡಿಸುವುದು. ಸಂವತ್ಸರಗಳ ತೊಡಕೂ ಇಂತಹದೇ. ಹಳೆಯ ಪತ್ರದಲ್ಲಿ ಬರಿದೇ ಧಾತು ಸಂವತ್ಸರವೆಂದಿದ್ದರೆ ಅದು 1816–17 ಆಗಬಹುದು, 1876–77 ಆಗಬಹುದು, 1936–37ಲೂ ಆಗಬಹುದು. ಶಕವರ್ಷವನ್ನು ನೋಡದೆ ನಿರ್ಣಯಿಸತಕ್ಕದ್ದಲ್ಲ.

ಧಾತುವಿನ ಹೆಸರೆತ್ತಿದರೆ ಬರದ ನೆನಪಾಗದಿರದು. ಧಾತು–ಈಶ್ವರ ಸಂವತ್ಸರಗಳ ಆ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೇ ತತ್ತರಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷದ ಸಮೀಪಕ್ಕೆ ಇಳಿಯಿತು. ಮಳೆ ಕಡಮೆಯಾದ ನಮ್ಮ ಸೀಮೆಯ ವಂಶವೃಕ್ಷಗಳಲ್ಲಿ ಈ ಎರಡು ವರ್ಷಗಳಲ್ಲಿ ಕೊಂಬೆಗಳು ಒಮ್ಮೆಲೇ ಮುರಿದಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಮುಂಚೆ 1779ರಲ್ಲಿ ಚಿತ್ರದುರ್ಗವು ಹೈದರಲಿಯ ವಶವಾದಾಗ ಸಹಸ್ರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಮನೆತನಗಳ ಸೂತ್ರವು ಅಲ್ಲಿಗೇ ಹರಿಯಿತು.

ಗಡಿಯ ವಿಷಯವೂ ಒಂದುಂಟು. ನಮ್ಮ ನೆಂಟಸ್ತಿಕೆಗಳು ರಾಯದುರ್ಗ, ಕಲ್ಯಾಣದುರ್ಗ, ಬಳ್ಳಾರಿಗಳ ಕಡೆಗೂ ಹಬ್ಬಿರುವುವು. 1953ರ ವರೆಗೆ ಆ ಭಾಗಗಳು ಮದರಾಸು ಆಡಳಿತದಲ್ಲಿದ್ದುವು. ಆ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೂ ರಾಯದುರ್ಗವು ಆಂಧ್ರಕ್ಕೂ ಸೇರಿದುವು. ಆದುದರಿಂದ ಅಣ್ಣತಮ್ಮಂದಿರ ಮಕ್ಕಳ ಜಮೀನಿನ ಕಾಗದಗಳು ಎರಡು ರಾಜ್ಯಗಳಲ್ಲಿ, ಎರಡು ಭಾಷೆಗಳಲ್ಲಿ ದೊರೆಯುವುದು ಅಸಂಭವವಲ್ಲ. ಚಳ್ಳಕೆರೆಯ ಕಚೇರಿಯಲ್ಲಿ ಹೆಸರು ಸಿಕ್ಕಲಿಲ್ಲವೆಂದು ಕೈಚೆಲ್ಲತಕ್ಕದ್ದಲ್ಲ.

ಹಳೆಯ ವೀರಗಲ್ಲುಗಳನ್ನೂ ದಾನಶಾಸನಗಳನ್ನೂ ನೋಡಬೇಕು. ಜಿಲ್ಲೆಯ ಶಾಸನಗಳು ರೈಸರ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅಚ್ಚಾಗಿರುವುವು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಗಾಗಿ ಪಟ್ಟ ಶ್ರಮವು ಇಂತಹ ಕಾರ್ಯಕ್ಕೆ ಮೇಲ್ಪಂಕ್ತಿಯಾಗಿದೆ. ಕೆಲವರು ಶಾಸನವನ್ನು ಓದಿದ ಕೂಡಲೇ ಅದರೊಳಗಿನ ದಂಡನಾಯಕನನ್ನು ತಮ್ಮ ಮೂಲಪುರುಷನನ್ನಾಗಿ ಮಾಡಿಕೊಳ್ಳುವರು. ನಡುವಣ ಹದಿನೈದು ತಲೆಮಾರುಗಳು ಎಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಶರಣರು ಬೇಡವೆಂದ ಕುಲಾಭಿಮಾನವು ಹಿತ್ತಿಲ ಬಾಗಿಲಿನಿಂದ ಒಳನುಸುಳುವುದು ಇಲ್ಲಿಯೇ. ಐದು ತಲೆಮಾರು ನಿಶ್ಚಯವಾಗಿ ತಿಳಿದ ಒಕ್ಕಲಿಗನ ಪಟ್ಟಿಯು ಇಂತಹ ಐವತ್ತು ತಲೆಮಾರುಗಳ ಕಲ್ಪನೆಗಿಂತ ಮಿಗಿಲಾದುದು.

ವಂಶಾವಳಿಗಳಲ್ಲಿರುವ ದೊಡ್ಡ ಲೋಪವೆಂದರೆ ಹೆಣ್ಣುಮಕ್ಕಳದು. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಎದುರುಗೊಂಡ ಸಮಯದವರ ಪಟ್ಟಿಗಳಲ್ಲಿ ತಾಯಿಯ ಹೆಸರಿಲ್ಲವೆಂದರೆ ಅದು ನಾಚಿಕೆಯ ವಿಷಯ. ಹೊರಗೆ ಕೊಟ್ಟ ಮಗಳು, ಒಳಗೆ ಬಂದ ಸೊಸೆ, ಇವರಿಬ್ಬರನ್ನೂ ಊರಿನ ಹೆಸರಿನೊಡನೆ ಬರೆಯಬೇಕು. ಈ ವಿಷಯದಲ್ಲಿ ಮನೆಯ ಅಜ್ಜಿಯರೇ ಕಡತಗಳಿಗಿಂತ ಬಲ್ಲವರು. ಅವರನ್ನು ಇಂದೇ ಕೇಳಬೇಕು. ಕೇಳಿದುದು, ಕಾಗದದಲ್ಲಿ ಕಂಡುದು, ಊಹಿಸಿದುದು ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿ, ಹೆಸರು ತಿಳಿಯದ ಕಡೆ ಸ್ಥಳವನ್ನು ಬರಿದಾಗಿಯೇ ಬಿಡತಕ್ಕದ್ದು. ಬರೆದುದರ ಒಂದು ಪ್ರತಿಯು ಹಿರಿಯ ಮಗನ ಮನೆಯಲ್ಲಿಯೂ ಒಂದು ಪ್ರತಿಯು ಮಗಳ ಮನೆಯಲ್ಲಿಯೂ ಇರಲಿ. ಮತ್ತೊಂದನ್ನು ಶ್ರೀಮಠಕ್ಕೆ ಒಪ್ಪಿಸಬಹುದು. ಹೆಳವನು ಬಂದಾಗ ಅವನಿಗೂ ಓದಿ ಹೇಳಿ, ಅವನ ಹೊತ್ತಗೆಯೊಡನೆ ತಾಳೆ ನೋಡಿ, ಅವನಿಗೆ ಸಲ್ಲತಕ್ಕುದನ್ನು ಸಲ್ಲಿಸಿ ಕಳುಹಿಸಬೇಕು.